ಹಳೆಯ ಡ್ರಮ್ ಶೆಲ್‌ಗೆ ಸ್ಪಾರ್ಕಲ್: ಸ್ಪ್ರೇ ಹೊಡೆಯೋದಾ, ವ್ರ್ಯಾಪ್ ಅಂಟಿಸೋದಾ?

ತಾಳಮೇಳ:
60ರ ದಶಕದ ಲುಡ್ವಿಗ್ ಡ್ರಮ್ ಸೆಟ್ಟು. ವ್ಯಾಸ 22 (ಬಾಸ್), 13, 16 ಇಂಚು. ಮೂರು ಪದರದ ಮರದ ಶೆಲ್ (ಡ್ರಮ್ಮಿನ ಒಡಲು), ಒಳಗೆ ಮೇಪಲ್ ರಿಂಗ್. ಶಾಂಪೇನ್ ಸ್ಪಾರ್ಕಲ್ ವ್ರ್ಯಾಪ್ (ಮೇಲೆ ಅಂಟಿಸಿದ ಮಿನುಗು ಪ್ಲಾಸ್ಟಿಕ್ ಹಾಳೆ) ಜೋಡಣೆ ಹತ್ತಿರ ಎದ್ದು ಸೀಳಿದೆ. ಕಂಪ್ರೆಸರ್, ಸ್ಪ್ರೇ ಗನ್ ಮನೆಯಲ್ಲಿದೆ. ವ್ರ್ಯಾಪ್ ಕಿತ್ತು ಫ್ಲೇಕ್ (ಬಣ್ಣದ ಮಿನುಗು ಚೂರು) ಸ್ಪ್ರೇ ಮಾಡಿದರೆ ಹೇಗೆ?

ಮರದಹುಳು:
ಮೊದಲು ಕೀಳೋದು ಸರಿಯಾಗಲಿ, ಶೆಲ್ ಹಾಳಾಗೋದು ಅಲ್ಲೇ. ಹಳೇ ವ್ರ್ಯಾಪ್ ನೈಟ್ರೇಟ್ ಸೆಲ್ಯುಲಾಯ್ಡ್ ಇರಬಹುದು, ಭಗ್ಗನೆ ಹತ್ತಿಕೊಳ್ಳುತ್ತೆ. ಹೀಟ್ ಗನ್ ಬೇಡ, ಹೇರ್ ಡ್ರೈಯರ್ ಸಾಕು. ಪಟ್ಟಿಯನ್ನು ಮೇಲಕ್ಕೆ ಎಳೆಯಬೇಡಿ, ಶೆಲ್‌ಗೆ ಒರಗಿಸಿ ಹಿಂದಕ್ಕೆ ಮಡಚಿಕೊಂಡು ಎಳೀರಿ. ಮರದ ನಾರು ಜತೆಗೇ ಎದ್ದರೆ ಅಲ್ಲೇ ನಿಲ್ಲಿಸಿ ಎದುರು ದಿಕ್ಕಿನಿಂದ ಬನ್ನಿ. ಉಳಿದ ಗೋಂದಿಗೆ ಅಸಿಟೋನ್ ಬಟ್ಟೆಯಲ್ಲಿ ಒತ್ತಿ ಒರೆಸಿ, ಸುರೀಬೇಡಿ. ಆಮೇಲೆ 120, 180, 220 ಉಜ್ಜುಕಾಗದ.

ಗನ್ನು_ಗರಗಸ:
ಸ್ಪ್ರೇ ಆಗುತ್ತೆ, ಆದರೆ ತಾಳ್ಮೆ ಬೇಕು. 0.2 ಮಿ.ಮೀ. ಫ್ಲೇಕ್‌ಗೆ 1.8–2 ಮಿ.ಮೀ. ನಾಝಲ್, ಚಿಕ್ಕದರಲ್ಲಿ ಕಟ್ಟಿಕೊಳ್ಳುತ್ತೆ. ಲೀಟರ್ ಕ್ಲಿಯರ್‌ಗೆ (ಪಾರದರ್ಶಕ ಲೇಪ) ಸುಮಾರು 60 ಗ್ರಾಂ. ಫ್ಲೇಕ್ ತಳ ಸೇರುತ್ತಲೇ ಇರುತ್ತೆ, ಕಪ್ಪಿನೊಳಗೆ ಎರಡು ಸ್ಟೀಲ್ ಗುಂಡು ಹಾಕಿ ಆಗಾಗ ಅಲ್ಲಾಡಿಸಿ. ಅಡಿಗೆ ಅದೇ ಬಣ್ಣದ ಬೇಸ್ ಕೊಡಿ, ಇಲ್ಲದಿದ್ದರೆ ಸಂದಿಯಲ್ಲಿ ಮರ ಇಣುಕುತ್ತೆ. ಶೆಲ್ಲನ್ನು ಅಡ್ಡ ಪೈಪಿನ ಮೇಲೆ ತಿರುಗಿಸುತ್ತಾ ತೆಳುವಾಗಿ 3–4 ಕೋಟ್.

ಎಲ್ಲರೂ ಎಡವೋದು ಮುಂದೆ. ಕೈಗೆ ಮರಳಿನ ಹಾಗೆ ತರಿ ತಗಲುತ್ತೆ, ತಕ್ಷಣ ಕಾಗದ ಹಿಡಿದು ಉಜ್ಜಿಬಿಡ್ತಾರೆ. ಫ್ಲೇಕ್ ಮೇಲಿನ ಬಣ್ಣ ಹರಿದು ಬರೀ ಅಲ್ಯೂಮಿನಿಯಂ ಬೂದು ಚುಕ್ಕಿ ಕಾಣುತ್ತೆ; ಅದಕ್ಕೆ ಮತ್ತೆ ಫ್ಲೇಕ್ ಕೋಟೇ ಗತಿ. ಮೊದಲು ಮೂರು ಕೋಟ್ ಕ್ಲಿಯರ್ ಹಾಕಿ ಫ್ಲೇಕನ್ನು ಹೂತುಬಿಡಿ, ಪೂರ್ತಿ ಒಣಗಿದ ಮೇಲೆ 400 ಕಾಗದ, ಮತ್ತೆ ಕ್ಲಿಯರ್. ಒದ್ದೆ ಮಾಡಿ ಉಜ್ಜುವಾಗ ಲಗ್ (ಹೆಡ್ ಬಿಗಿಸುವ ಸ್ಕ್ರೂ ಕೂರುವ ಲೋಹದ ತುಂಡು) ತೂತು ಮುಚ್ಚಿರಿ, ನೀರು ಹೋದರೆ ಪ್ಲೈ ಉಬ್ಬುತ್ತೆ.

ಎನ್‌ಸಿ (ನೈಟ್ರೋಸೆಲ್ಯುಲೋಸ್) ಲ್ಯಾಕರ್ ಮಳೆಗಾಲದಲ್ಲಿ ಬೇಡ, ಹಾಲಿನ ಹಾಗೆ ಬೆಳ್ಳಗಾಗುತ್ತೆ. 2ಕೆ (ಎರಡು ಭಾಗ ಬೆರೆಸುವ) ಕ್ಲಿಯರ್‌ನ ಹಾರ್ಡನರ್‌ನಲ್ಲಿ ಉಸಿರಿಗೆ ಅಪಾಯದ ಐಸೊಸೈನೇಟ್ ಇರುತ್ತೆ, ಹೊರಗಾಳಿ ಕೊಡುವ ಮಾಸ್ಕ್ ಇಲ್ಲದೆ ಮನೆಯಲ್ಲಿ ಹೊಡೀಬೇಡಿ.

ಮರದಹುಳು:
ದಪ್ಪದ ಮಾತು ಬಿಟ್ಟುಹೋಯ್ತು. ವ್ರ್ಯಾಪ್ ಸುಮಾರು 0.5 ಮಿ.ಮೀ. ಅದಕ್ಕಿಂತ ಪೇಂಟ್ ದಪ್ಪವಾದರೆ ಹೆಡ್ (ಬಾರಿಸುವ ಹೊದಿಕೆ) ಅಂಚಿನಲ್ಲಿ ಬಿಗಿಹಿಡಿದು ಶ್ರುತಿ ಕೂರಲ್ಲ. ಕೊನೇ ಕೋಟಿಗೆ ಮುಂಚೆ ಹೆಡ್ ಇಟ್ಟು ನೋಡಿ, ಸಲೀಸಾಗಿ ತಿರುಗಬೇಕು. ಬೇರಿಂಗ್ ಎಡ್ಜ್‌ಗೆ (ಹೆಡ್ ಕೂರುವ ಶೆಲ್ಲಿನ ಅಂಚು) ಪೇಂಟ್ ತಾಕಬಾರದು.

ಚರ್ಮವಾದ್ಯ:
ನನ್ನ ಓಟು ವ್ರ್ಯಾಪ್‌ಗೇ. ಕಾರ್ಖಾನೆಯಲ್ಲಿ ಹಾಕಿದ್ದೂ ವ್ರ್ಯಾಪ್, ಮುಂದೆ ಯಾರಾದರೂ ತೆಗೆಯಲೂಬಹುದು. 13ಕ್ಕೆ ಸುತ್ತಳತೆ 40.8 ಇಂಚು, ತುದಿಗಳು ಒಂದರ ಮೇಲೊಂದು ಕೂರಲು ಒಂದೂವರೆ ಸೇರಿಸಿ, 22ಕ್ಕೆ 69.1 ಮತ್ತು ಒಂದೂವರೆ. ಫೆವಿಕಾಲ್ ಎಸ್‌ಆರ್ 998 (ರಬ್ಬರ್ ಕಾಂಟ್ಯಾಕ್ಟ್ ಅಂಟು) ಎರಡೂ ಕಡೆ ತೆಳ್ಳಗೆ ಹಚ್ಚಿ, ಬೆರಳಿಗೆ ಅಂಟದ ಹಾಗಾದಾಗ ಕೂಡಿಸಿ. ಹಸಿ ಇದ್ದಾಗಲೇ ಅಂಟಿಸಿದರೆ ಸಾಲ್ವೆಂಟ್ ಒಳಗೇ ಉಳಿದು ಗುಳ್ಳೆ ಏಳುತ್ತೆ. ಮೊದಲು ತುಂಡಿನ ಮೇಲೆ ಪರೀಕ್ಷಿಸಿ. ಒಮ್ಮೆ ತಾಗಿದ ಮೇಲೆ ಸರಿಸಲಾಗದು, ನಡುವೆ ಬೆಣ್ಣೆಕಾಗದ ಇಟ್ಟು ಸ್ವಲ್ಪ ಸ್ವಲ್ಪ ಎಳೀತಾ ರೋಲರ್‌ನಿಂದ ಒತ್ತಿ. ತೂತಿಗೆ ಒಳಗಿನಿಂದ 2 ಮಿ.ಮೀ. ಗುರುತು, ಪೂರ್ತಿ ಅಳತೆ ಹೊರಗಿನಿಂದ. ಒಳಗಿನಿಂದಲೇ ಕೊರೆದರೆ ವ್ರ್ಯಾಪ್ ಚಕ್ಕೆ ಏಳುತ್ತೆ.

ತಾಳಮೇಳ:
ಬಾಸ್ ಡ್ರಮ್ಮಿನ ಹೂಪಿಗೆ (ಹೆಡ್ ಹಿಡಿಯುವ ಬಳೆ) ಅಂಟಿಸುವ ಪಟ್ಟಿ?

ಚರ್ಮವಾದ್ಯ:
ಶೀಟ್ ಕತ್ತರಿಸುವ ಮುಂಚೆಯೇ ಅದಕ್ಕೂ ಎತ್ತಿಡಿ. ಬೇರೆ ಶೀಟಿನಿಂದ ತಂದರೆ ಫ್ಲೇಕ್ ಗಾತ್ರ ಹೊಂದಲ್ಲ, ದೂರದಿಂದಲೇ ಗೊತ್ತಾಗುತ್ತೆ.