ಅಮ್ಮನಿಗೆ ರೂಟ್ ಕೆನಾಲ್ ಅಂದ್ರೆ ತುಂಬಾ ಹೆದರಿಕೆ, ಹೇಗೆ ಕರೆದುಕೊಂಡು ಹೋಗುವುದು?

ಬ್ರಹ್ಮಾವರದ ಮಗಳು

ಅಮ್ಮನಿಗೆ 61 ವರ್ಷ. ಕೆಳಗಿನ ಬಲಬದಿಯ ದವಡೆ ಹಲ್ಲು ಮೂರು ವಾರದಿಂದ ನೋಯುತ್ತಿದೆ. ಬಿಸಿ ಚಾ ಕುಡಿದರೆ ಸೆಳೆತ ಶುರುವಾಗಿ ಅರ್ಧ ಗಂಟೆ ನಿಲ್ಲುವುದಿಲ್ಲ, ರಾತ್ರಿ ಮಲಗಿದರೆ ಇನ್ನೂ ಜಾಸ್ತಿ. ಲವಂಗ ಇಟ್ಟುಕೊಂಡು, ನೋವಿನ ಮಾತ್ರೆ ನುಂಗಿಕೊಂಡು ದಿನ ದೂಡುತ್ತಿದ್ದಾರೆ. ಉಡುಪಿಯಲ್ಲಿ ತೋರಿಸಿದೆವು. ಎಕ್ಸ್‌ರೇ ನೋಡಿ, ರೂಟ್ ಕೆನಾಲ್ ಆಗಬೇಕು, ಅಂದರೆ ಹಲ್ಲಿನೊಳಗಿನ ಕೆಟ್ಟ ನರ ತೆಗೆದು ತೊಳೆದು ತುಂಬಿಸಬೇಕು, ಸ್ಪೆಷಲಿಸ್ಟ್ ಹತ್ತಿರ ಮಾಡಿಸಿ ಅಂದರು.

ಎರಡು ಸಲ ಅಪಾಯಿಂಟ್‌ಮೆಂಟ್ ತೆಗೆದುಕೊಂಡೆ. ಒಂದು ಸಲ ಮನೆಯಿಂದ ಹೊರಡಲೇ ಇಲ್ಲ. ಇನ್ನೊಂದು ಸಲ ಕ್ಲಿನಿಕ್ ಮೆಟ್ಟಿಲಿನವರೆಗೆ ಬಂದರು, ಒಳಗಿನಿಂದ ಮೆಷಿನ್ ಸದ್ದು ಕೇಳಿದ್ದೇ ತಡ, ನನ್ನ ಕೈ ಗಟ್ಟಿಯಾಗಿ ಹಿಡಿದುಕೊಂಡು "ಮನೆಗೆ ಹೋಗುವ" ಅಂದರು. ಅಂಗೈ ಪೂರ್ತಿ ಬೆವರಿತ್ತು.

ಮೂವತ್ತು ವರ್ಷದ ಹಿಂದೆ ಒಬ್ಬರು ಹಲ್ಲು ಕೀಳುವಾಗ ಇಂಜೆಕ್ಷನ್ ಸರಿಯಾಗಿ ಹಿಡಿದಿರಲಿಲ್ಲವಂತೆ. ನೋಯುತ್ತದೆ ಅಂದಿದ್ದಕ್ಕೆ "ಅಲ್ಲಾಡಬೇಡಿ" ಅಂತ ಗದರಿದ್ದರಂತೆ. ಅದನ್ನು ಹೇಳುವಾಗ ಈಗಲೂ ಅಮ್ಮನ ಸ್ವರ ನಡುಗುತ್ತದೆ. ಬಿಪಿ ಮಾತ್ರೆ ಬೇರೆ ತೆಗೆದುಕೊಳ್ಳುತ್ತಾರೆ. ರೂಟ್ ಕೆನಾಲ್ ಬೇಡ, ಕಿತ್ತೇ ಬಿಡಲಿ ಅಂತಾರೆ. ಕೀಳಿಸಿಬಿಡುವುದಾ? ಇಲ್ಲ ಹೇಗಾದರೂ ಒಪ್ಪಿಸುವುದಾ?

ಹಲ್ಲಿನ ಡಾಕ್ಟ್ರು, ಮಂಗಳೂರು

ನಾನು ಮಂಗಳೂರಿನಲ್ಲಿ ರೂಟ್ ಕೆನಾಲ್ ಮಾತ್ರ ಮಾಡುವವನು, ಹನ್ನೊಂದು ವರ್ಷ ಆಯಿತು. ಮೊದಲಿಗೆ ಒಂದು ಮಾತು. ನಿಮ್ಮ ಅಮ್ಮನ ಹೆದರಿಕೆ ಸುಮ್ನೆ ಹುಟ್ಟಿದ್ದಲ್ಲ, ಅವರಿಗೆ ನಿಜವಾಗಿ ನೋವಾಗಿದೆ, ನೋವು ಅಂದಾಗ ಯಾರೂ ಕೇಳಲಿಲ್ಲ. ಹಾಗಾಗಿ "ಎಂತ ಹೆದರುವುದು, ಏನೂ ಆಗುವುದಿಲ್ಲ" ಅಂತ ಮನೆಯಲ್ಲಿ ಯಾರೂ ಹೇಳಬೇಡಿ ದಯವಿಟ್ಟು.

ಬಿಸಿಗೆ ಶುರುವಾದ ನೋವು ಅಷ್ಟು ಹೊತ್ತು ನಿಲ್ಲುತ್ತದೆ ಅಂದರೆ ಹಲ್ಲಿನೊಳಗಿನ ನರ ಊದಿಕೊಂಡಿದೆ. ಸುತ್ತ ಗಟ್ಟಿ ಗೋಡೆ, ಊತಕ್ಕೆ ಹೋಗಲು ಜಾಗವಿಲ್ಲ. ಮಲಗಿದಾಗ ತಲೆಯ ಕಡೆ ರಕ್ತದ ಒತ್ತಡ ಹೆಚ್ಚಿ ಇನ್ನೂ ಬಡಿಯುತ್ತದೆ. ಇದಕ್ಕೆ ಮೆಡಿಕಲ್‌ನಿಂದ ಆಂಟಿಬಯೋಟಿಕ್ ತಂದು ನುಂಗಿದರೆ ಪ್ರಯೋಜನ ಇಲ್ಲ. ಒಂದು ದಿನ ನೋವು ತಾನಾಗಿ ನಿಂತರೂ ಗುಣವಾಯಿತು ಅಂದುಕೊಳ್ಳಬೇಡಿ. ನರ ಸತ್ತಾಗಲೂ ನೋವು ನಿಲ್ಲುತ್ತದೆ, ಆಮೇಲೆ ಬೇರಿನ ತುದಿಯಲ್ಲಿ ಕೀವು ಕಟ್ಟುತ್ತದೆ.

ಇಂಥ ಹಲ್ಲಿಗೇ, ಅದೂ ಕೆಳಗಿನ ದವಡೆ ಹಲ್ಲಿಗೆ, ಇಂಜೆಕ್ಷನ್ ಹಿಡಿಯುವುದು ಕಷ್ಟ. ತುಟಿ ಮರಗಟ್ಟಿತು ಅಂದ ಮಾತ್ರಕ್ಕೆ ಹಲ್ಲು ಮರಗಟ್ಟಿದೆ ಅಂತಲ್ಲ. ನಾವು ಮೊದಲು ಒಸಡಿಗೆ ಜೆಲ್ ಹಚ್ಚಿ, ಇಂಜೆಕ್ಷನ್ ನಿಧಾನಕ್ಕೆ ಕೊಟ್ಟು, ಹತ್ತು ಹದಿನೈದು ನಿಮಿಷ ಕಾಯುತ್ತೇವೆ. ಆಮೇಲೆ ತಣ್ಣಗಿನ ಹತ್ತಿ ಹಲ್ಲಿಗೆ ಮುಟ್ಟಿಸಿ ನೋಡುತ್ತೇವೆ. ಜುಂ ಅಂದರೆ ಇನ್ನೂ ಹಿಡಿದಿಲ್ಲ. ಆಗ ಹಲ್ಲಿನ ಪಕ್ಕದಲ್ಲೇ ಇನ್ನೊಂದು ಕೊಡುವ ದಾರಿ ಉಂಟು. ಬುಕ್ ಮಾಡುವಾಗಲೇ ಡಾಕ್ಟ್ರ ಹತ್ತಿರ ಕೇಳಿ: "ಮರಗಟ್ಟಿದೆಯಾ ಅಂತ ಪರೀಕ್ಷೆ ಮಾಡಿಯೇ ಶುರು ಮಾಡ್ತೀರಾ?" ಇದು ಕೇಳಬಾರದ ಪ್ರಶ್ನೆ ಅಲ್ಲ.

ಇನ್ನೊಂದು ವಿಷಯ ಅಮ್ಮನಿಗೆ ಮೊದಲೇ ಹೇಳಿಡಿ. ಈ ಇಂಜೆಕ್ಷನ್‌ನಲ್ಲಿ ಸಾಮಾನ್ಯವಾಗಿ ಸ್ವಲ್ಪ ಅಡ್ರಿನಲಿನ್ ಇರುತ್ತದೆ. ಕೊಟ್ಟ ಮೇಲೆ ಒಂದೆರಡು ನಿಮಿಷ ಎದೆ ಡವಡವ ಅನ್ನಬಹುದು. ಗೊತ್ತಿಲ್ಲದವರು ಹಾರ್ಟಿಗೆ ಏನೋ ಆಯಿತು ಅಂತ ಎದ್ದು ಕೂರುತ್ತಾರೆ. ಗೊತ್ತಿದ್ದವರು ಕಾಯುತ್ತಾರೆ.

ಕೈ ಎತ್ತುವ ಒಪ್ಪಂದ ಮಾಡಿಕೊಳ್ಳಿ. ಎಡಗೈ ಎತ್ತಿದರೆ ನಾನು ನಿಲ್ಲಿಸಲೇಬೇಕು, ಕಾರಣ ಕೇಳುವ ಹಾಗಿಲ್ಲ. ಮಲ್ಪೆ ಕಡೆಯ ಒಬ್ಬರು ಅಮ್ಮ ಬಂದಿದ್ದರು, ಮೊದಲ ಐದು ನಿಮಿಷದಲ್ಲಿ ಮೂರು ಸಲ ಕೈ ಎತ್ತಿದರು. ಮೂರು ಸಲವೂ ನೋವಿರಲಿಲ್ಲ, ನಾನು ನಿಲ್ಲಿಸುತ್ತೇನಾ ಅಂತ ನೋಡಿದ್ದು. ಮೂರು ಸಲವೂ ಕೈ ತೆಗೆದು ಹಿಂದೆ ಸರಿದು ಕೂತೆ. ಆಮೇಲೆ ನಲವತ್ತು ನಿಮಿಷ ಕೈ ಎತ್ತಲೇ ಇಲ್ಲ, ಮಡಿಲಲ್ಲಿ ಸೆರಗು ಬಿಗಿಯಾಗಿ ಹಿಡಿದಿದ್ದ ಬೆರಳು ಒಂದೊಂದಾಗಿ ಸಡಿಲವಾದವು.

ಮತ್ತೆ ಆ ಸದ್ದು. ಜೋರಾಗಿ ಕಿರುಚುವ ಮೆಷಿನ್ ಬೇಕಾಗುವುದು ಶುರುವಿನಲ್ಲಿ ಹಲ್ಲು ತೆರೆಯುವ ಕೆಲವು ನಿಮಿಷ ಮಾತ್ರ. ನಂತರ ಬೇರಿನೊಳಗೆ ಉಜ್ಜುವ ಸೂಜಿಯಂಥ ಸಣ್ಣ ಫೈಲು, ನಿಧಾನ ತಿರುಗುವ ಮೋಟಾರು. ಟಿಕ್ ಟಿಕ್ ಅಂತ ಕೇಳುವುದು ಬೇರಿನ ಉದ್ದ ಅಳೆಯುವ ಯಂತ್ರ. ಬ್ಲೀಚಿಂಗ್ ಪೌಡರ್ ತರದ ವಾಸನೆ ಬಂದರೆ ಅದು ಒಳಗೆ ತೊಳೆಯುವ ದ್ರಾವಣ. ಬಾಯಿಗೆ ಒಂದು ರಬ್ಬರ್ ಹಾಳೆ ಕಟ್ಟುತ್ತೇವೆ, ನೀರು, ಫೈಲು ಯಾವುದೂ ಗಂಟಲಿಗೆ ಹೋಗಬಾರದಲ್ಲ. ಉಸಿರು ಕಟ್ಟುತ್ತದೆ ಅಂತ ಕೆಲವರಿಗೆ ಅನಿಸುತ್ತದೆ. ಮೂಗು ಪೂರ್ತಿ ತೆರೆದೇ ಇರುತ್ತದೆ, ಕಟ್ಟುವ ಮೊದಲು ಕೈಯಲ್ಲಿ ಕೊಟ್ಟು ತೋರಿಸಲು ಹೇಳಿ.

ಕೀಳಿಸುವುದಾ ಅಂತ ಕೇಳಿದಿರಿ. ಕೀಳಲಿಕ್ಕೂ ಇದೇ ಇಂಜೆಕ್ಷನ್ ಬೇಕು ಅಕ್ಕ, ಹೆದರಿಕೆ ಅದರಿಂದ ತಪ್ಪುವುದಿಲ್ಲ. ಹಲ್ಲು ಉಳಿಯುವ ಹಾಗಿದ್ದರೆ ಉಳಿಸಿಕೊಳ್ಳಿ.

ಕಾಪು ಲೈಟ್‌ಹೌಸ್

ನನಗೆ ಹೋದ ವರ್ಷ ಆಯಿತು. ಎರಡೇ ಮಾತು. ಖಾಲಿ ಹೊಟ್ಟೆಯಲ್ಲಿ ಹೋಗಬೇಡಿ. ಆಪರೇಷನ್ ಇದ್ದ ಹಾಗೆ ಅಂದುಕೊಂಡು ನಾನು ಉಪವಾಸ ಹೋಗಿ ತಲೆ ತಿರುಗಿತು, ಚೇರು ಹಿಂದಕ್ಕೆ ಬಾಗಿಸಿ ಕಾಲು ಮೇಲೆ ಮಾಡಿ ಮಲಗಿಸಿದರು. ಗಂಜಿಯಾದರೂ ಉಣ್ಣಿಸಿ ಕರೆದುಕೊಂಡು ಹೋಗಿ. ಇನ್ನೊಂದು, ನೋವು ಹೋಯಿತಲ್ಲ ಅಂತ ಹಲ್ಲಿನ ಮೇಲೆ ಕವಚದ ಹಾಗೆ ಕೂರಿಸುವ ಕ್ಯಾಪ್ ಹಾಕಿಸುವುದನ್ನು ಮುಂದೂಡಬೇಡಿ. ನಾನು ಮೂರು ತಿಂಗಳು ಬಿಟ್ಟೆ, ಕೋರಿ ರೊಟ್ಟಿ ಅಗಿಯುವಾಗ ಹಲ್ಲು ಅರ್ಧ ಸೀಳಿತು. ಅಷ್ಟು ಕಷ್ಟಪಟ್ಟು ಉಳಿಸಿದ ಹಲ್ಲು ಹೋಯಿತು ಅಂತ ಈಗಲೂ ಬೇಜಾರು.

ಪಿಜಿ ಎರಡನೇ ವರ್ಷ

ಖರ್ಚಿನ ಚಿಂತೆ ಇದ್ದರೆ ಡೆಂಟಲ್ ಕಾಲೇಜು ನೋಡಬಹುದು. ಮಣಿಪಾಲ, ಮಂಗಳೂರು, ದೇರಳಕಟ್ಟೆ ಎಲ್ಲ ಕಡೆ ಉಂಟು. ಬಿಡಿಎಸ್ ಮುಗಿಸಿ ಇದೇ ವಿಷಯದಲ್ಲಿ ಮೂರು ವರ್ಷದ ಎಂಡಿಎಸ್ ಓದುವ ನಮ್ಮಂಥವರು ಮಾಡುತ್ತೇವೆ, ಪ್ರೊಫೆಸರ್‌ಗಳು ಹಂತ ಹಂತಕ್ಕೆ ಬಂದು ನೋಡುತ್ತಾರೆ. ಹೊರಗಿನದಕ್ಕಿಂತ ಕಮ್ಮಿಗೆ ಆಗುತ್ತದೆ. ಆದರೆ ನೇರವಾಗಿ ಹೇಳುತ್ತೇನೆ, ಹೊತ್ತು ಹಿಡಿಯುತ್ತದೆ, ಬಾಯಿ ತೆರೆದು ಕೂರುವುದು ಜಾಸ್ತಿ, ಅಕ್ಕಪಕ್ಕದ ಚೇರುಗಳ ಸದ್ದೂ ಕೇಳುತ್ತದೆ. ನಿಮ್ಮ ಅಮ್ಮನ ಸ್ಥಿತಿ ನೋಡಿದರೆ ಸಣ್ಣ ಕ್ಲಿನಿಕ್, ಬೆಳಗ್ಗಿನ ಮೊದಲ ಹೊತ್ತು ಒಳ್ಳೆಯದು. ಸಂಜೆಯದಾದರೆ ಇಡೀ ದಿನ ಅದನ್ನೇ ಯೋಚಿಸುತ್ತಾ ಕೂರುತ್ತಾರೆ.

ಬ್ರಹ್ಮಾವರದ ಮಗಳು

ಡಾಕ್ಟ್ರೇ, ನೀವು ಬರೆದದ್ದನ್ನು ಅಮ್ಮನಿಗೆ ಓದಿ ಹೇಳಿದೆ. ಮಲ್ಪೆಯವರ ಕಥೆ ಎರಡು ಸಲ ಓದಿಸಿದರು. ಬಿಪಿ ಮಾತ್ರೆ ಆ ದಿನ ಬಿಡಬೇಕಾ? ನಾನು ಒಳಗೆ ಕೂರಬಹುದಾ?

ಹಲ್ಲಿನ ಡಾಕ್ಟ್ರು, ಮಂಗಳೂರು

ಬಿಡಬೇಡಿ, ದಿನಾ ತೆಗೆದುಕೊಳ್ಳುವ ಹೊತ್ತಿಗೇ ಕೊಡಿ, ಚೀಟಿ ಜೊತೆಗಿರಲಿ. ರಕ್ತ ತೆಳುವಾಗಿಸುವ ಮಾತ್ರೆ ಇದ್ದರೆ ಅದನ್ನೂ ತೋರಿಸಿ, ನೀವಾಗಿ ನಿಲ್ಲಿಸಬೇಡಿ. ಒಳಗೆ ಕೂರುವುದಕ್ಕೆ ಹೆಚ್ಚಿನವರು ಒಪ್ಪುತ್ತಾರೆ. ಕಾಲ ಬದಿಗೆ ಕೂತು ಪಾದದ ಮೇಲೆ ಕೈ ಇಟ್ಟುಕೊಳ್ಳಿ, ಸಾಕು.

ಬ್ರಹ್ಮಾವರದ ಮಗಳು

ನಿನ್ನೆ ಆಯಿತು! ಮೊದಲ ದಿನ ಸುಮ್ನೆ ಮಾತಾಡಿ ಬಂದೆವು, ನಿನ್ನೆ ಬೆಳಗ್ಗೆ ಒಂಬತ್ತೂವರೆಗೆ ಶುರು. ಇಂಜೆಕ್ಷನ್ ಆದ ಮೇಲೆ ಅಮ್ಮ ಎದೆ ಮೇಲೆ ಕೈ ಇಟ್ಟು, "ಇದು ಔಷಧಿಯದ್ದಾ?" ಅಂತ ಕೇಳಿದರು. ಹೌದಮ್ಮ, ಎರಡು ನಿಮಿಷ ಅಂದರು ಡಾಕ್ಟ್ರು. ಗೋಡೆಯ ಗಡಿಯಾರ ನೋಡುತ್ತಾ ಕೂತರು. ತಣ್ಣಗಿನ ಹತ್ತಿ ಇಟ್ಟಾಗ ಮೊದಲ ಸಲ ಜುಂ ಅಂತು, ಇನ್ನೊಂದು ಕೊಟ್ಟರು, ಆಮೇಲೆ ಏನೂ ಗೊತ್ತಾಗಲಿಲ್ಲವಂತೆ. ಎರಡು ಸಲ ಕೈ ಎತ್ತಿದರು, ಎರಡು ಸಲವೂ ನಿಲ್ಲಿಸಿದರು. ರಾತ್ರಿ ಮೂರು ವಾರದ ನಂತರ ಪೂರ್ತಿ ನಿದ್ದೆ ಮಾಡಿದರು. ಇವತ್ತು ಆ ಹಲ್ಲು ಕಚ್ಚಿದರೆ ಸ್ವಲ್ಪ ನೋವು ಅಂತಾರೆ, ಸರಿಯಾ?

ಹಲ್ಲಿನ ಡಾಕ್ಟ್ರು, ಮಂಗಳೂರು

ತುಂಬಾ ಖುಷಿಯಾಯಿತು ಓದಿ. ಎರಡು ಮೂರು ದಿನ ಆ ನೋವು ಇರುತ್ತದೆ, ಬರೆದುಕೊಟ್ಟ ಮಾತ್ರೆ ಕೊಡಿ. ಕೆನ್ನೆ ಊದಿದರೆ, ಜ್ವರ ಬಂದರೆ ಕಾಯದೆ ಡಾಕ್ಟ್ರಿಗೆ ಫೋನ್ ಮಾಡಿ. ಕ್ಯಾಪ್ ಆಗುವವರೆಗೆ ಎಡಬದಿಯಲ್ಲೇ ಅಗಿಯಲಿ.