ಸಹಾಯ ಬೇಕು: ಕರ್ಬಲ್‌ನಲ್ಲಿ ನನ್ನ ಸ್ಪೇಸ್‌ಪ್ಲೇನ್ ವಾಪಸ್ ಬರುವಾಗ ಮಗುಚುತ್ತಿದೆ

ನಮಸ್ಕಾರ. ಇಲ್ಲಿ ಕರ್ಬಲ್ ಸ್ಪೇಸ್ ಪ್ರೋಗ್ರಾಮ್ (ರಾಕೆಟ್, ವಿಮಾನ ಕಟ್ಟಿ ಹಾರಿಸುವ ಕಂಪ್ಯೂಟರ್ ಆಟ) ಆಡುವವರು ಯಾರಾದರೂ ಇದ್ದೀರಾ? ಮೂರು ವಾರದಿಂದ ಒಂದೇ ಕಡೆ ಸಿಕ್ಕಿಹಾಕಿಕೊಂಡಿದ್ದೇನೆ.

ಆಟದಲ್ಲಿ ಸಿಗುವ ಮಾರ್ಕ್ 2 ಅನ್ನುವ ಭಾಗಗಳಿಂದ ಕಟ್ಟಿದ, ಕಕ್ಷೆಗೆ ಹೋಗಿ ವಿಮಾನದ ಹಾಗೆ ಇಳಿಯಬೇಕಾದ ಸ್ಪೇಸ್‌ಪ್ಲೇನ್. ಹಿಂದೆ ಎರಡು ರೇಪಿಯರ್ ಎಂಜಿನ್ (ಜೆಟ್ ಆಗಿಯೂ ರಾಕೆಟ್ ಆಗಿಯೂ ಓಡುವಂಥದ್ದು), ಡೆಲ್ಟಾ ರೆಕ್ಕೆ, ಮೂತಿಯ ಹತ್ತಿರ ಪುಟ್ಟ ಕನಾರ್ಡ್, ಅಂದರೆ ಮುಂದಿನ ಕಿರುರೆಕ್ಕೆ. ಹತ್ತುವಾಗ ಒಂದು ತಕರಾರೂ ಇಲ್ಲ. 20 ಕಿ.ಮೀ.ವರೆಗೆ ಗಾಳಿ ಕುಡಿದುಕೊಂಡು ಹೋಗುತ್ತದೆ, ಆಮೇಲೆ ರಾಕೆಟ್ ಮೋಡ್, 80 ಕಿ.ಮೀ. ಕಕ್ಷೆ ಸಲೀಸು. ತೊಂದರೆ ಎಲ್ಲಾ ವಾಪಸ್ ಬರುವಾಗ. ಆಟದ ಗ್ರಹದಲ್ಲಿ 70 ಕಿ.ಮೀ.ಗೆ ವಾತಾವರಣ ಶುರುವಾಗುತ್ತದಲ್ವಾ, ಅಲ್ಲಿಂದಲೇ ಮೂತಿಯನ್ನು 30 ಡಿಗ್ರಿ ಎತ್ತಿ ಹಿಡಿದಿರುತ್ತೇನೆ. ಸುಮಾರು 25 ಕಿ.ಮೀ.ಗೆ ಇಳಿಯುತ್ತಿದ್ದ ಹಾಗೆ ಮೂತಿ ತಾನಾಗಿಯೇ ಇನ್ನೂ ಮೇಲೆದ್ದು, ಬಾಲ ಮುಂದಾಗಿ, ಗಿರಗಿರ ತಿರುಗುತ್ತದೆ. ಒಳಗೆ ಕೂತ ಆಟದ ಪೈಲಟ್ ಜೆಬ್ ಮಾತ್ರ ಹಲ್ಲು ಕಿರಿಯುತ್ತಲೇ ಇರುತ್ತಾನೆ!

ಟ್ಯಾಂಕ್ ಖಾಲಿಯಾಗಿ ಭಾರ ಹಿಂದೆ ಸರಿಯಿತೇನೋ ಅಂತ ಹ್ಯಾಂಗರ್‌ನಲ್ಲಿ ಇಂಧನ ಸೊನ್ನೆ ಮಾಡಿ ನೋಡಿದೆ. ಹಳದಿ ಚೆಂಡು, ಅಂದರೆ ಭಾರದ ಕೇಂದ್ರ, ಹಿಂದೆ ಸರಿಯಿತು ನಿಜ. ಆದರೂ ನೀಲಿ ಚೆಂಡು, ಅಂದರೆ ಎತ್ತುವ ಬಲದ ಕೇಂದ್ರ, ಅದಕ್ಕಿಂತ ಹಿಂದೆಯೇ ಇದೆ. ಲೆಕ್ಕದ ಪ್ರಕಾರ ಸರಿ ಇರಬೇಕಲ್ವಾ? ರೆಕ್ಕೆಯನ್ನು ಇನ್ನೂ ಹಿಂದಕ್ಕೆ ತಳ್ಳಿದೆ, ಆಗ ಟೇಕಾಫ್‌ಗೆ ರನ್‌ವೇನೇ ಸಾಲಲಿಲ್ಲ. ಉಳಿದ ಇಂಧನವನ್ನು ಮುಂದಿನ ಟ್ಯಾಂಕಿಗೆ ಪಂಪ್ ಮಾಡಿದರೆ ಹತ್ತರಲ್ಲಿ ನಾಲ್ಕು ಸಲ ಬಚಾವಾಗುತ್ತೇನೆ, ಅಷ್ಟೇ. ಎಫ್12 ಒತ್ತಿದಾಗ ಕಾಣುವ, ಗಾಳಿಯ ಬಲ ತೋರಿಸುವ ಬಾಣಗಳಲ್ಲಿ ಮೂತಿ ಕಡೆಯವೇ ಜಾಸ್ತಿ ಉದ್ದ.

ನನ್ನ ಪ್ರಶ್ನೆ ಇಷ್ಟು: ಆ ನೀಲಿ ಚೆಂಡು ರೆಕ್ಕೆಗಳ ಬಲವನ್ನು ಮಾತ್ರ ತೋರಿಸುತ್ತದಾ, ಇಲ್ಲ ಮೈಮೇಲೆ ಬೀಳುವ ಗಾಳಿಯ ಎಳೆತವೂ ಅದರಲ್ಲಿ ಸೇರಿದೆಯಾ? ಸೇರಿಲ್ಲ ಅಂದರೆ, ಕನಾರ್ಡ್ ಕಿತ್ತು ಬಾಲಕ್ಕೆ ರೆಕ್ಕೆ ಹಾಕಲಾ, ಅಥವಾ ಎಂಜಿನ್‌ಗಳನ್ನೇ ಮುಂದಕ್ಕೆ ತರಲಾ?