ಎಂಬಿಆರ್ ಡಿಸ್ಕ್ ಎಂದು ವಿಂಡೋಸ್ 11 ಅನುಸ್ಥಾಪನೆ ನಿಲ್ಲುತ್ತಿದೆ: ಡಿ ಡ್ರೈವ್ ಉಳಿಸಿಕೊಳ್ಳುವುದು ಹೇಗೆ?

ಪ್ರಶ್ನೆ:
ಮದರ್‌ಬೋರ್ಡ್ ಕೆಟ್ಟಿದ್ದರಿಂದ ಹೊಸ ಬೋರ್ಡ್ ಮತ್ತು ಪ್ರೊಸೆಸರ್ ಹಾಕಿಸಿ, ವಿಂಡೋಸ್ 7 ಇದ್ದ ಹಳೆಯ 1 ಟಿಬಿ ಹಾರ್ಡ್ ಡಿಸ್ಕನ್ನೇ ಜೋಡಿಸಿದ್ದೇನೆ. ಪೆನ್‌ಡ್ರೈವ್‌ನಿಂದ ವಿಂಡೋಸ್ 11 ಹಾಕಲು ಹೊರಟರೆ, ಡಿಸ್ಕ್‌ನಲ್ಲಿ ಎಂಬಿಆರ್ ಎಂಬ ಹಳೆಯ ಮಾದರಿಯ ಪಾರ್ಟಿಷನ್ ಟೇಬಲ್ (ಡಿಸ್ಕಿನ ಭಾಗಗಳ ಪಟ್ಟಿ) ಇದೆ, ಜಿಪಿಟಿ ಎಂಬ ಹೊಸ ಮಾದರಿಯ ಡಿಸ್ಕ್‌ಗೆ ಮಾತ್ರ ಹಾಕಬಹುದು ಎಂಬರ್ಥದ ಸಂದೇಶ ಬಂದು ಕೆಲಸ ಅಲ್ಲಿಗೇ ನಿಲ್ಲುತ್ತದೆ. ಸಿ ಡ್ರೈವ್ ಫಾರ್ಮ್ಯಾಟ್ ಮಾಡಿ ನೋಡಿದರೂ ಅದೇ ಪಾಡು. ಡಿ ಡ್ರೈವ್‌ನಲ್ಲಿ ತಂದೆಯವರು ನುಡಿ ತಂತ್ರಾಂಶದಲ್ಲಿ ಬೆರಳಚ್ಚು ಮಾಡಿದ ಕಡತಗಳಿವೆ. ಅವುಗಳಿಗೆ ಧಕ್ಕೆಯಾಗದಂತೆ ಮುಂದುವರಿಯಲು ದಾರಿಯಿದೆಯೇ?

ಉತ್ತರ 1:
ಅನುಸ್ಥಾಪನೆಯ ಪರದೆಯಲ್ಲೇ ಶಿಫ್ಟ್ ಮತ್ತು ಎಫ್10 ಒತ್ತಿ, ಡಿಸ್ಕ್ ವಿಭಾಗಗಳನ್ನು ನಿರ್ವಹಿಸುವ ಡಿಸ್ಕ್‌ಪಾರ್ಟ್ ಸಾಧನ ತೆರೆದು, ಡಿಸ್ಕ್ ಆರಿಸಿ, ಮೊದಲು ಕ್ಲೀನ್, ಆಮೇಲೆ ಕನ್ವರ್ಟ್ ಜಿಪಿಟಿ ಆದೇಶ ಕೊಡಿ. ಐದು ನಿಮಿಷದ ಕೆಲಸ.

ಉತ್ತರ 2:
ದಯವಿಟ್ಟು ಈಗಲೇ ಹಾಗೆ ಮಾಡಬೇಡಿ. ಕ್ಲೀನ್ ಆದೇಶವು ಸಿ, ಡಿ ಎಂಬ ಭೇದವಿಲ್ಲದೆ ಇಡೀ ಡಿಸ್ಕಿನ ಪಾರ್ಟಿಷನ್ ಮಾಹಿತಿಯನ್ನೇ ಅಳಿಸಿಬಿಡುತ್ತದೆ. ಪಾರ್ಟಿಷನ್ ಟೇಬಲ್ ಎಂಬುದು ಡಿಸ್ಕಿಗೆಲ್ಲ ಒಂದೇ ಆದ್ದರಿಂದಲೇ ಸಿ ಡ್ರೈವನ್ನಷ್ಟೇ ಫಾರ್ಮ್ಯಾಟ್ ಮಾಡಿದ್ದು ಫಲಿಸಲಿಲ್ಲ. ದತ್ತಾಂಶ ಅಳಿಸದೆ ಬದಲಿಸುವ ಎಂಬಿಆರ್2ಜಿಪಿಟಿ ಎಂಬ ಸಾಧನ ಇದೆಯಾದರೂ, ಅದು ಡಿಸ್ಕ್‌ನಲ್ಲಿ ಬೂಟ್ ಆಗುವ ವಿಂಡೋಸ್ ಇರಬೇಕೆಂದು ಬಯಸುತ್ತದೆ. ನೀವು ಸಿ ಡ್ರೈವ್ ಅಳಿಸಿರುವುದರಿಂದ ಆ ದಾರಿ ಮುಚ್ಚಿದೆ.

ಆದ್ದರಿಂದ ಇನ್ನೊಂದು ಪೆನ್‌ಡ್ರೈವ್‌ನಲ್ಲಿ ಉಬುಂಟು ಎಂಬ ಉಚಿತ ಕಾರ್ಯಾಚರಣ ವ್ಯವಸ್ಥೆ ಹಾಕಿ, ಡಿಸ್ಕಿಗೆ ಇನ್‌ಸ್ಟಾಲ್ ಮಾಡದೆ ಪ್ರಾಯೋಗಿಕವಾಗಿ ಚಲಾಯಿಸಿ, ಡಿ ಡ್ರೈವ್ ಪೂರ್ತಿಯಾಗಿ ಹೊರಗಿನ ಹಾರ್ಡ್ ಡಿಸ್ಕಿಗೆ ನಕಲಿಸಿಕೊಳ್ಳಿ. ಅಲ್ಲಿ ನುಡಿ ಕಡತ ತೆರೆದರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು ಕಂಡಾವು, ಗಾಬರಿಯಾಗಬೇಡಿ: ಹಳೆಯ ನುಡಿ ಕಡತಗಳು ಯೂನಿಕೋಡ್ ಎಂಬ ಸಾರ್ವತ್ರಿಕ ಅಕ್ಷರ ಸಂಕೇತದಲ್ಲಿಲ್ಲ, ನುಡಿ ಫಾಂಟ್ ಇಲ್ಲದ ಕಡೆ ಹಾಗೆಯೇ ಕಾಣುತ್ತವೆ. ಫಾಂಟ್ ಇರುವ ಬೇರೊಂದು ಕಂಪ್ಯೂಟರಿನಲ್ಲಿ ಒಂದೆರಡು ಕಡತ ತೆರೆದು ಖಚಿತಪಡಿಸಿಕೊಂಡ ಮೇಲೆಯೇ, ಹೊರಗಿನ ಡಿಸ್ಕ್ ಕಳಚಿಟ್ಟು, ಮೇಲಿನವರು ಹೇಳಿದ ಆದೇಶಗಳನ್ನು ಕೊಡಿ. ಡಿಸ್ಕ್‌ಪಾರ್ಟ್ ತೋರಿಸುವ ಡಿಸ್ಕ್‌ಗಳ ಪಟ್ಟಿಯಲ್ಲಿ ನಿಮ್ಮ 1 ಟಿಬಿ ಡಿಸ್ಕ್ 931 ಜಿಬಿ ಎಂದು ಕಾಣುತ್ತದೆ. ಡಿಸ್ಕ್ ಸಂಖ್ಯೆ ಆರಿಸುವಾಗ ಆ ಗಾತ್ರವನ್ನೇ ಗುರುತಾಗಿಟ್ಟುಕೊಳ್ಳಿ.

ಪ್ರಶ್ನೆ ಕೇಳಿದವರು:
ನಕಲಿಸಲು ಒಂದು ರಾತ್ರಿಯೇ ಹಿಡಿಯಿತು. ಕನ್ವರ್ಟ್ ಆದ ಮೇಲೆ ಪಟ್ಟಿಯ ಜಿಪಿಟಿ ಕಾಲಂನಲ್ಲಿ ನಕ್ಷತ್ರ ಚಿಹ್ನೆ ಬಂತು, ವಿಂಡೋಸ್ ತಾನೇ ಬೇಕಾದ ಪಾರ್ಟಿಷನ್‌ಗಳನ್ನು ಮಾಡಿಕೊಂಡಿತು. ನುಡಿ ಕಡತಗಳು ತೆರೆಯುತ್ತಿವೆ.